ಪರದೆ ಕಪ್ಪಾಗಿ ಮತ್ತೆ ಬಂತಾ, ಇಲ್ಲ ಹಾಗೇ ಹೋಯ್ತಾ?

ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದು ನನ್ನ ಟೇಬಲ್ ಮೇಲಿಟ್ಟ. "ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ ಸರ್. ಆದ್ರೂ ಸೆಕೆಂಡ್ ಲೈಫ್ ಹಾಕಿದ್ರೆ ಕ್ರ್ಯಾಶ್ ಆಗುತ್ತೆ" ಅಂದ. ಸೆಕೆಂಡ್ ಲೈಫ್ ಅಂದರೆ ಇಂಟರ್ನೆಟ್ಟಿನಲ್ಲಿ ಜನ ಅವತಾರ ಎಂಬ ಗೊಂಬೆ ರೂಪ ತಳೆದು ಓಡಾಡುವ ಒಂದು ಕಾಲ್ಪನಿಕ ಲೋಕ. ಬೇರೆ ಆಟಗಳೆಲ್ಲ ಸಲೀಸಾಗಿ ಓಡುತ್ತವಂತೆ.

"ಕ್ರ್ಯಾಶ್ ಅಂದ್ರೆ ಏನಾಗುತ್ತೆ?" ಎಂದು ಕೇಳಿದೆ. ಇದೇನು ಪ್ರಶ್ನೆ ಅನ್ನುವ ಹಾಗೆ ಮುಖ ನೋಡಿದ. ಆದರೆ ಅರ್ಧ ರಿಪೇರಿ ಇರುವುದು ಆ ಪ್ರಶ್ನೆಯಲ್ಲೇ. ಕಿಟಕಿ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣುತ್ತದಾ? ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದಾ? ಇಲ್ಲ, ಕರೆಂಟ್ ಹೋದ ಹಾಗೆ ಇಡೀ ಮಷೀನೇ ಆಫ್ ಆಗುತ್ತದಾ? ಮೂರೂ ಬೇರೆ ಬೇರೆ ಕಾಯಿಲೆ. ಮೂರಕ್ಕೂ ಫಾರ್ಮ್ಯಾಟ್ ಎಂಬ ಒಂದೇ ಮಾತ್ರೆ ಕೊಟ್ಟರೆ ಹೇಗೆ?

ಅವನದ್ದು ಎರಡನೆಯದು. ವಿಂಡೋಸ್‌ನಲ್ಲಿ ಒಂದು ಕಾವಲುಗಾರ ಇದ್ದಾನೆ. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉಸಿರೆತ್ತದಿದ್ದರೆ ಆ ಚಿಪ್ ಓಡಿಸುವ ಸಾಫ್ಟ್‌ವೇರಾದ ಡ್ರೈವರನ್ನು ಕೆಡವಿ ಮತ್ತೆ ಎಬ್ಬಿಸುತ್ತಾನೆ. ವಿಂಡೋಸ್ ಬದುಕುತ್ತದೆ, ನಿಮ್ಮ ವ್ಯೂವರ್, ಅಂದರೆ ಸೆಕೆಂಡ್ ಲೈಫ್ ತೋರಿಸುವ ಪ್ರೋಗ್ರಾಂ, ಸಾಯುತ್ತದೆ. ವಿಂಡೋಸ್ ತನ್ನ ದಿನಚರಿ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಪಟ್ಟಿ ನೋಡಿ. ಡಿಸ್ಪ್ಲೇ ಹೆಸರಿನಲ್ಲಿ 4101 ನಂಬರ್ ಇದ್ದರೆ ಆಗಿದ್ದು ಅದೇ. ಹುಡುಗನ ಮಷೀನಿನಲ್ಲಿ ಆ ನಂಬರ್ ಸಾಲುಗಟ್ಟಿ ನಿಂತಿತ್ತು. ಹೆಚ್ಚಿನವು ಶನಿವಾರ ರಾತ್ರಿಯವು.

ಶನಿವಾರ ಯಾಕೆ? ಅವತ್ತು ಅವನು ಸೆಕೆಂಡ್ ಲೈಫ್ ಒಳಗಿನ ಒಂದು ಡ್ಯಾನ್ಸ್ ಕ್ಲಬ್ಬಿಗೆ ಹೋಗುತ್ತಿದ್ದ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಲಿಂಡೆನ್ ಲ್ಯಾಬ್ 2003ರಲ್ಲಿ ಶುರು ಮಾಡಿದ ಸೆಕೆಂಡ್ ಲೈಫ್‌ನಲ್ಲಿ ಮನೆ, ಮರ, ಬಟ್ಟೆ, ಕೂದಲು ಹೆಚ್ಚೂಕಮ್ಮಿ ಎಲ್ಲವನ್ನೂ ಮಾಡಿದವರು ಅಲ್ಲಿಗೆ ಬರುವ ಜನರೇ. ಮಾಮೂಲಿ ಆಟದಲ್ಲಿ ಒಂದು ಬೀದಿಗೆ ಎಷ್ಟು ಭಾರ ಹಾಕಬಹುದು ಎಂದು ಕಂಪನಿಯವರು ಮೊದಲೇ ಅಳೆದು ತೂಗಿರುತ್ತಾರೆ. ಇಲ್ಲಿ ಹಾಗೆ ಅಳೆಯುವವರು ಕಡಿಮೆ. ಕಿವಿಯ ಜುಮುಕಿಗೂ 1024 × 1024 ಅಳತೆಯ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರ, ಅಂಟಿಸಿರುತ್ತಾರೆ. ಗ್ರಾಫಿಕ್ಸ್ ಮೆಮೊರಿಯಲ್ಲಿ ಪೂರ್ತಿ ಬಿಚ್ಚಿದರೆ ಅದು 4 ಎಂಬಿ. ದೂರದಿಂದ ನೋಡುವಾಗ ಬೇಕಾಗುವ ಸಣ್ಣ ಪ್ರತಿಗಳೂ ಸೇರಿದರೆ 5 ಎಂಬಿ ದಾಟುತ್ತದೆ. ಅಂಥವು 400 ಸೇರಿದರೆ 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಭರ್ತಿ! ಜಾಗ ಸಾಲದಾದಾಗ ವ್ಯೂವರ್ ಚಿತ್ರಗಳನ್ನು ಮಸುಕು ಮಾಡಿಕೊಂಡು ಹೇಗೋ ಸಂಭಾಳಿಸಲು ನೋಡುತ್ತದೆ. ಒಮ್ಮೊಮ್ಮೆ ಆಗುತ್ತದೆ, ಒಮ್ಮೊಮ್ಮೆ ಕೈ ಚೆಲ್ಲುತ್ತದೆ. ಮೂವತ್ತು ಜನ ಒಡವೆ ವಸ್ತ್ರ ಹಾಕಿಕೊಂಡು ಒಂದೇ ಕೋಣೆಯಲ್ಲಿ ಕುಣಿಯುವಾಗ ಏನಾಗಬಹುದು, ನೀವೇ ಹೇಳಿ.

ಯಾವ ಚಿಪ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಅದೇ ಕ್ಲಬ್ಬಿಗೆ ಹೋಗಲು ಹೇಳಿದೆ. ಮೊದಲು ಕಂಡದ್ದೇ ತಮಾಷೆ. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇವೆ. ದುಡ್ಡು ಕೊಟ್ಟು ತಂದ ಎನ್‌ವಿಡಿಯಾ ಆರಾಮಾಗಿ ಮಲಗಿತ್ತು, ಪ್ರೊಸೆಸರ್ ಒಳಗಿನ ಇಂಟೆಲ್ ಚಿಪ್ ಒಂದೇ ಏದುಸಿರು ಬಿಡುತ್ತಿತ್ತು. ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಗ್ರಾಫಿಕ್ಸ್. ಅಲ್ಲಿ ವ್ಯೂವರನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿದೆ. ನಿಮ್ಮದು ಯಾವುದರಲ್ಲಿ ಓಡುತ್ತಿದೆ ಎಂದು ನೋಡಲು ವ್ಯೂವರಿನ ಹೆಲ್ಪ್ ಮೆನುವಿನ ಅಬೌಟ್ ಸಾಕು. ಕಾರ್ಡಿನ ಹೆಸರು ಅಲ್ಲಿರುತ್ತದೆ. "ಜಿಡಿಐ ಜೆನೆರಿಕ್" ಅಂತ ಎಲ್ಲಾದರೂ ಕಂಡರೆ ಡ್ರೈವರೇ ಸರಿಯಾಗಿ ಕೂತಿಲ್ಲ, ಕಾರ್ಡನ್ನು ಬಿಟ್ಟು ಪ್ರೊಸೆಸರೇ ಚಿತ್ರ ಬಿಡಿಸಲು ಹೊರಟಿದೆ ಎಂದರ್ಥ.

ಆಮೇಲೆ ಡ್ರಾ ಡಿಸ್ಟೆನ್ಸ್, ಅಂದರೆ ಎಷ್ಟು ದೂರದವರೆಗೆ ಚಿತ್ರ ಬಿಡಿಸಬೇಕು ಎಂಬುದು, 256 ಮೀಟರ್ ಇದ್ದದ್ದನ್ನು 64ಕ್ಕೆ ಇಳಿಸಿದೆ. ದೂರ ಅರ್ಧ ಆದರೆ ನೆಲದ ವಿಸ್ತೀರ್ಣ ಕಾಲು ಭಾಗ ಆಗುತ್ತದೆ, ಹಾಗಾಗಿ ಇದರಷ್ಟು ಬೇಗ ಫಲ ಕೊಡುವ ಮದ್ದು ಇನ್ನೊಂದಿಲ್ಲ. ಕ್ಲಬ್ಬಿನ ನಾಲ್ಕು ಗೋಡೆ ಒಳಗೆ ಆಚೆ ಊರು ಕಂಡು ಏನಾಗಬೇಕು? ಪೂರ್ತಿ ರೂಪದಲ್ಲಿ ತೋರಿಸುವ ಅವತಾರಗಳ ಸಂಖ್ಯೆಯನ್ನೂ ಕಡಿಮೆ ಮಾಡಿದೆ. ಜೊತೆಗೆ ಡ್ರೈವರ್ ಪೂರ್ತಿ ಕಿತ್ತು ಹೊಸದಾಗಿ ಹಾಕಿದೆ. ಕ್ರ್ಯಾಶ್ ನಿಂತಿತು. ಯಾವುದರಿಂದ ನಿಂತಿತು? ಗೊತ್ತಿಲ್ಲ. ಒಂದೊಂದೇ ಬದಲಿಸಿ ನೋಡಿ ಎಂದು ಎಲ್ಲರಿಗೂ ಹೇಳುವ ನಾನೇ ಅವತ್ತು ಅವಸರಕ್ಕೆ ಬಿದ್ದು ಎಲ್ಲ ಒಟ್ಟಿಗೆ ಮಾಡಿದ್ದೆ.

ಇನ್ನು ಕೆಲವರ ಗೋಳು ಬೇರೆ. ಲಾಗಿನ್ ಆದ ತಕ್ಷಣ ಕ್ರ್ಯಾಶ್, ಮತ್ತೆ ಲಾಗಿನ್, ಮತ್ತೆ ಕ್ರ್ಯಾಶ್. ಹಿಂದಿನ ಸಲ ನಿಂತ ಜಾಗಕ್ಕೇ ಅದು ನಿಮ್ಮನ್ನು ಕರೆದೊಯ್ಯುತ್ತಿರುತ್ತದೆ, ಅಂದರೆ ಬಿದ್ದ ಗುಂಡಿಗೇ ಮತ್ತೆ. ಲಾಗಿನ್ ಪರದೆಯಲ್ಲಿ ಹೋಗುವ ಜಾಗವನ್ನು ಹೋಮ್ ಎಂದು ಬದಲಿಸಿ. ಅಲ್ಲೇ ಕಂಟ್ರೋಲ್ ಮತ್ತು ಪಿ ಒತ್ತಿದರೆ ಒಳಗೆ ಹೋಗುವ ಮೊದಲೇ ಗ್ರಾಫಿಕ್ಸ್ ಇಳಿಸಬಹುದು.

ಕಿಟಕಿ ಮಾತ್ರ ಮುಚ್ಚಿಕೊಂಡರೆ, ಮತ್ತೆ ತೆರೆಯುವ ಮೊದಲು ವ್ಯೂವರ್ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಆ್ಯಪ್‌ಡೇಟಾ, ರೋಮಿಂಗ್, ಅದರೊಳಗೆ ವ್ಯೂವರ್ ಹೆಸರಿನ ಫೋಲ್ಡರ್, ಅದರೊಳಗೆ ಲಾಗ್ಸ್. ಒಮ್ಮೆ ತೆರೆದರೆ ಹಳೆಯದು ಹೆಸರು ಬದಲಿಸಿ ಪಕ್ಕಕ್ಕೆ ಸರಿಯುತ್ತದೆ. ಎರಡು ಸಲ ತೆರೆದರೆ ಸಾಕ್ಷಿಯೇ ಮಾಯ. ಮೊದಲೇ ಡೌನ್‌ಲೋಡ್ ಆಗಿ ಕೂಡಿಟ್ಟ ಕ್ಯಾಶ್ ಅಳಿಸಿ ಎನ್ನುವ ಸಲಹೆಯನ್ನು ಮಾತ್ರ ಸುಮ್ನೆ ಪಾಲಿಸಬೇಡಿ. ಎಲ್ಲವನ್ನೂ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬೇಕಾಗಿ ಮಷೀನಿಗೆ ಕೆಲಸ ಜಾಸ್ತಿ ಆಗುತ್ತದೆ. ಕಾವಲುಗಾರನ ಆ 2 ಸೆಕೆಂಡನ್ನು ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ 10 ಮಾಡಿ ಎನ್ನುವವರೂ ಇದ್ದಾರೆ. ಅದರಿಂದ ಜ್ವರ ಇಳಿಯುವುದಿಲ್ಲ, ಥರ್ಮಾಮೀಟರ್ ಒಡೆದ ಹಾಗಾಗುತ್ತದೆ ಅಷ್ಟೆ.

ಮೂರನೆಯದು, ಇಡೀ ಮಷೀನ್ ಆಫ್ ಆಗುವುದು. ಇಲ್ಲಿ ಸಾಫ್ಟ್‌ವೇರ್ ಮೇಲೆ ಅನುಮಾನ ಪಡುವ ಮೊದಲು ಸ್ಕ್ರೂಡ್ರೈವರ್ ಹುಡುಕಿ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಆಡುವವರದ್ದನ್ನು ಬಿಚ್ಚಿದರೆ ಫ್ಯಾನಿನ ಬಾಯಿಗೆ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಹೊರಗೇ 40 ಡಿಗ್ರಿ ಇರುವಾಗ ಆ ಚಿಪ್ ಪಾಡು ಕೇಳಬೇಕಾ? ವ್ಯೂವರಿನಲ್ಲಿ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆಯನ್ನು, 60ಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಖಾಲಿ ಬಯಲಿನಲ್ಲಿ ನಿಂತಿದ್ದರೂ ಕಾರ್ಡ್ ಸುಮ್ಮನೆ ದುಡಿದು ಬಿಸಿಯಾಗುತ್ತದೆ.

ಆದರೆ ಸೆಕೆಂಡ್ ಲೈಫ್‌ನಲ್ಲೇ ಬಟ್ಟೆ ಹೊಲಿದು ಮಾರುವ ಒಬ್ಬರ ಡೆಸ್ಕ್‌ಟಾಪ್ ನನ್ನನ್ನು ಎರಡು ದಿನ ಸತಾಯಿಸಿತು. ಉಷ್ಣತೆ ಸರಿ, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಹೊಸದು, ನನ್ನ ಟೇಬಲ್ ಮೇಲೆ ಇಡೀ ದಿನ ಓಡಿತು. ಅವರ ಮನೆಗೆ ಹೋದರೆ ಸಂಜೆ ಆಫ್. ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಬಿಟ್ಟರೆ ಏನೂ ಇಲ್ಲ. ಕರೆಂಟ್ ಇದ್ದಕ್ಕಿದ್ದಂತೆ ತಪ್ಪಿತು ಎಂದಷ್ಟೇ ಅದು ಹೇಳುವುದು. ಕೊನೆಗೆ ಅವರ ಮನೆಯಲ್ಲೇ ಕೂತು ಕಾದೆ. ಏಳೂವರೆಗೆ ದೀಪ ಒಂದು ಸಲ ಮಿಣುಕಿತು, ಮೇಜಿನ ಕೆಳಗಿನ ಯುಪಿಎಸ್ ಕೀಂಯ್ ಎಂದಿತು, ಮಷೀನ್ ಸತ್ತಿತು. ಬಗ್ಗಿ ನೋಡಿದರೆ 600 ವಿಎ, ಅಂದರೆ 360 ವ್ಯಾಟ್. ವರ್ಡ್ ತೆರೆದಿದ್ದಾಗ ಅದು ಧಾರಾಳವಾಗಿ ಹೊರುತ್ತಿತ್ತು. ಸೆಕೆಂಡ್ ಲೈಫ್‌ನ ಅವರ ಅಂಗಡಿ ತುಂಬ ಗಿರಾಕಿಗಳು ನಿಂತಾಗ ಕಾರ್ಡ್ ಎಳೆಯುವ ಕರೆಂಟನ್ನು ಹೊರಲಾಗದೆ ಕೂತುಬಿಡುತ್ತಿತ್ತು. "ಮತ್ತೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಡ್ವಾ?" ಅಂತ ಕೇಳಿದರು. ಅಷ್ಟರಲ್ಲಾಗಲೇ ಆರ್ಡರ್ ಮಾಡಿಬಿಟ್ಟಿದ್ದರು.