ಪರಲೋಕ ನಂಬುವವರಿಗೆ ಇಲ್ಲಿನ ಹೋರಾಟ ಯಾಕೆ?

"ಸತ್ತ ಮೇಲೆ ಪರಲೋಕ ಸಿಗುತ್ತೆ ಅಂತ ನಂಬುವವರು ಇಲ್ಲಿನ ಅನ್ಯಾಯದ ವಿರುದ್ಧ ಯಾಕೆ ನಿಲ್ಲಬೇಕು?" ಈಸ್ಟರ್ ಹತ್ತಿರ ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಲ್ಲ. ಈ ಸಲವಾದರೂ ಕೊನೆವರೆಗೆ ಓದಿ.

ಈಸ್ಟರ್ ಯೇಸುವಿನ ಪುನರುತ್ಥಾನದ ಹಬ್ಬ, ಅಂದರೆ ಸತ್ತ ಯೇಸು ಮತ್ತೆ ಎದ್ದು ಬಂದದ್ದರ ಹಬ್ಬ. ಮೈ ಇಲ್ಲೇ ಬಿದ್ದುಕೊಂಡು ಆತ್ಮ ಮಾತ್ರ ಮೇಲೆ ಹಾರಿಹೋಗುವುದಕ್ಕೆ ಪುನರುತ್ಥಾನ ಅನ್ನುವುದಿಲ್ಲ. ನಾವು ಕ್ರೈಸ್ತರು ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಪ್ರಮಾಣದಲ್ಲಿ "ಶರೀರದ ಪುನರುತ್ಥಾನ" ಅಂತ ಬಾಯಿಪಾಠ ಹೇಳುತ್ತೇವೆ, ಆದರೆ ಆ ಮಾತಿನ ಹತ್ತಿರ ಯಾರೂ ನಿಲ್ಲುವುದಿಲ್ಲ. ದೇವರು ಎಬ್ಬಿಸುವುದು ದೇಹವನ್ನೇ ಆದರೆ ಹಸಿದ ಹೊಟ್ಟೆಯೂ ಏಟು ತಿಂದ ಬೆನ್ನೂ ಅವನಿಗೆ ಮುಖ್ಯ ಅಂತಾಯಿತು, ಅಲ್ವಾ? ಇನ್ನೊಂದು ವಿಷಯ. ಯೇಸು ಕಾಯಿಲೆ ಬಂದು ಸಾಯಲಿಲ್ಲ. ರೋಮ್ ಆಡಳಿತ ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಶಿಲುಬೆಯ ಶಿಕ್ಷೆ ಕೊಟ್ಟು ಅವನನ್ನು ಕೊಂದಿತು. ಮೂರನೇ ದಿನ ದೇವರು ಆ ತೀರ್ಪನ್ನೇ ರದ್ದು ಮಾಡಿದ. ಎದ್ದು ಬಂದ ಮೈಯಲ್ಲೂ ಮೊಳೆಯ ಗಾಯ ಹಾಗೇ ಇತ್ತು. ಅಂದರೆ ಆದ ಅನ್ಯಾಯ ಅಳಿಸಿಹೋಗಲಿಲ್ಲ.

"ಸುಮ್ನೆ ಸಹಿಸಿಕೊಳ್ಳಿ, ಸ್ವರ್ಗದಲ್ಲಿ ಸಿಗುತ್ತೆ" ಅಂತ ಬಡವರಿಗೆ ಬೋಧಿಸಿದ ಪಾದ್ರಿಗಳು ಇದ್ದರು, ಒಪ್ಪುತ್ತೇನೆ. ಅವರು ಬೈಬಲ್‌ನ 1 ಕೊರಿಂಥ, ಅಂದರೆ ಯೇಸುವಿನ ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯವನ್ನು ಪೂರ್ತಿ ಓದಿರಲಿಲ್ಲ. ಇಡೀ ಅಧ್ಯಾಯ ಪುನರುತ್ಥಾನದ್ದೇ. ಆದರೂ ಅದರ ಕೊನೆಯ ವಚನದಲ್ಲಿ ಪೌಲ "ಕಾಯುತ್ತಾ ಕೂತಿರಿ" ಅನ್ನುವುದಿಲ್ಲ. ಅಲುಗಾಡದೆ ನಿಂತು ಕೆಲಸ ಮಾಡಿ, ನಿಮ್ಮ ದುಡಿತ ದಂಡವಾಗುವುದಿಲ್ಲ ಅನ್ನುತ್ತಾನೆ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಆರ್ಚ್‌ಬಿಷಪ್ ಓಸ್ಕರ್ ರೊಮೆರೊ ಅವರನ್ನು ನೋಡಿ. 1977ರ ಮಾರ್ಚ್‌ನಲ್ಲಿ, ರೈತರ ಪರ ನಿಂತಿದ್ದ ಅವರ ಗೆಳೆಯ ಫಾದರ್ ರುತಿಲಿಯೊ ಗ್ರಾಂದೆಯನ್ನು ಗುಂಡಿಟ್ಟು ಕೊಂದರು. ಆಮೇಲೆ ರೊಮೆರೊ ಬಾಯಿ ಮುಚ್ಚಲಿಲ್ಲ. 1980ರ ಮಾರ್ಚ್ 23ರ ಭಾನುವಾರ, ಕೊಲ್ಲು ಅನ್ನುವ ಆದೇಶವನ್ನು ಪಾಲಿಸಬೇಡಿ ಅಂತ ಸೈನಿಕರಿಗೇ ನೇರವಾಗಿ ಹೇಳಿದರು. ಮರುದಿನ ಸಂಜೆ ಆಸ್ಪತ್ರೆಯ ಚಾಪೆಲ್‌ನಲ್ಲಿ ಬಲಿಪೂಜೆ ಮಾಡುತ್ತಿದ್ದಾಗಲೇ ಅವರಿಗೆ ಗುಂಡು ಹೊಡೆದರು.

ಹಾಗಾದರೆ ಅವರಿಗೆ ಭಯವೇ ಇರಲಿಲ್ವಾ? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಇತ್ತು. ಸಾಯುವ ತಿಂಗಳ ಹಿಂದೆ ಧ್ಯಾನಕೂಟದಲ್ಲಿ ಬರೆದುಕೊಂಡ ಟಿಪ್ಪಣಿಯಲ್ಲಿ, ಹಿಂಸೆಯಿಂದ ಸಾಯುವುದನ್ನು ನೆನೆದರೆ ತನಗೆ ಕಷ್ಟವಾಗುತ್ತದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೂ ಬೆವರಿದ್ದ. ನಂಬಿಕೆ ಇದ್ದವರಿಗೆ ಹೆದರಿಕೆ ಆಗಲೇಬಾರದು ಅಂತ ಎಲ್ಲೂ ಬರೆದಿಲ್ಲ. ಹೆದರಿಕೆ ಇಟ್ಟುಕೊಂಡೇ ರೊಮೆರೊ ಆ ಸಂಜೆ ಪೂಜೆಗೆ ಹೋದರು. ಅವತ್ತು ಓದಿದ ಸುವಾರ್ತೆ, ಮಣ್ಣಿಗೆ ಬಿದ್ದು ಸತ್ತು ಬಹಳ ಫಲ ಕೊಡುವ ಗೋಧಿ ಕಾಳಿನದು.