ಸುಮ್ನೆ ಕೂತ ಕಂಪ್ಯೂಟರ್ ತಿನ್ನುವ ಕರೆಂಟು

"ಸರ್, ಅದು ರಾತ್ರಿಯೆಲ್ಲ ಏನೂ ಕೆಲಸ ಮಾಡಲ್ಲ. ಸುಮ್ನೆ ಆನ್ ಇರುತ್ತೆ ಅಷ್ಟೇ."

ಮೈಸೂರಿನ ಮನೆಯೊಂದರಲ್ಲಿ ಹುಡುಗ ಕರೆಂಟ್ ಬಿಲ್ ಹಿಡಿದುಕೊಂಡು ಹೇಳಿದ ಮಾತಿದು. ಹಳೆಯ ಗೇಮಿಂಗ್ ಕಂಪ್ಯೂಟರನ್ನೇ ಮನೆಯ ಸರ್ವರ್ ಮಾಡಿಕೊಂಡಿದ್ದ. ಫೋಟೊ, ಸಿನಿಮಾ, ಬ್ಯಾಕಪ್ ಎಲ್ಲ ಅದರಲ್ಲೇ. ತಿಂಗಳಿಗೆ 145 ಯೂನಿಟ್ ಬಳಸುತ್ತಿದ್ದ ಮನೆ 213ಕ್ಕೆ ಹೋಗಿತ್ತು. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ 200 ದಾಟಿದರೆ ದಾಟಿದ 13 ಯೂನಿಟ್‌ಗಷ್ಟೇ ಅಲ್ಲ, ಇಡೀ ಬಿಲ್ ಕಟ್ಟಬೇಕು. ಅಡುಗೆಮನೆಯಿಂದ ಅವನಮ್ಮ ಇಣುಕಿ ನೋಡಿದ ನೋಟವೇ ಸಾಕಿತ್ತು.

ಗೋಡೆಯ ಪ್ಲಗ್ಗಿಗೂ ಕಂಪ್ಯೂಟರಿಗೂ ನಡುವೆ ವಾಟ್ ಮೀಟರ್ ಸಿಕ್ಕಿಸಿದೆ. ಯಾರೂ ಮುಟ್ಟದೆ ಇದ್ದಾಗಲೂ 94 ವಾಟ್. ದಿನವಿಡೀ, ಮೂವತ್ತು ದಿನ ಲೆಕ್ಕ ಹಾಕಿ: 68 ಯೂನಿಟ್. ಏರಿದ್ದು ಸರಿಯಾಗಿ ಅಷ್ಟೇ ಅಲ್ವಾ?

ಪವರ್ ಸಪ್ಲೈ ಮೇಲೆ 850 ವಾಟ್ ಎಂದು ಬರೆದಿದೆ ಎಂದು ಹೆದರುವವರಿದ್ದಾರೆ. ಅದು ಕೊಡಬಲ್ಲ ಗರಿಷ್ಠ, ಎಳೆಯುವ ಲೆಕ್ಕವಲ್ಲ. ಆದರೆ ಅಷ್ಟು ದೊಡ್ಡದು ಶೇ 10ರ ಲೋಡಿನಲ್ಲಿ ನಡೆಯುವಾಗ ಅದರ ದಕ್ಷತೆ ಇಳಿಯುತ್ತದೆ, ಒಂದಷ್ಟು ಕರೆಂಟು ಬಿಸಿಯಾಗಿ ಹೋಗುತ್ತದೆ. ಸರ್ವರ್ ವಿಷಯದಲ್ಲಿ ನೋಡಬೇಕಾದದ್ದು ಖಾಲಿ ಕೂತಾಗಿನ ವಾಟ್. ಮನೆ ಸರ್ವರ್ ದಿನದ ಬಹುಪಾಲು ಖಾಲಿಯೇ ಕೂತಿರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬಿಚ್ಚಿದೆ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದದ್ದರಿಂದ ತೊಂದರೆಯಾಗಲಿಲ್ಲ. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಆಫ್ ಆಗಿದ್ದ ಸಿ-ಸ್ಟೇಟ್, ಅಂದರೆ ಕೆಲಸವಿಲ್ಲದಾಗ ಪ್ರೊಸೆಸರನ್ನು ನಿದ್ದೆಗೆ ಕಳಿಸುವ ವ್ಯವಸ್ಥೆ, ಆನ್ ಮಾಡಿದೆ. ಪ್ರೊಸೆಸರನ್ನು ನಿಗದಿಗಿಂತ ವೇಗವಾಗಿ ಓಡಿಸಲು ಓವರ್‌ಕ್ಲಾಕ್ ಮಾಡುವವರು ಆಫ್ ಮಾಡಿ ಮರೆತುಬಿಡುವುದು ಇದನ್ನೇ. ಮೀಟರ್ 58ಕ್ಕೆ ಇಳಿಯಿತು. ತಿಂಗಳಿಗೆ 42 ಯೂನಿಟ್, ಒಟ್ಟು 187. ಪೈಸೆ ಖರ್ಚಿಲ್ಲದೆ 200ರ ಒಳಗೆ ಬಂದ. 200ರ ಒಳಗಿದ್ದರೂ ಪ್ರತಿ ಮನೆಗೆ ಸಿಗುವ ಉಚಿತ ಯೂನಿಟ್ ಆ ಮನೆಯ ಹಿಂದಿನ ಸರಾಸರಿಯ ಮೇಲೆ ನಿಲ್ಲುವುದರಿಂದ, ಅದನ್ನು ಮೀರಿದ ಯೂನಿಟ್‌ಗಳಿಗೆ ಮಾತ್ರ ದುಡ್ಡು ಕಟ್ಟಿದರಾಯಿತು.

"ಎನ್100 ಮಿನಿ ಪಿಸಿ ತಗೊಳ್ಳಲಾ ಸರ್?" ಎಂದ. ಕಡಿಮೆ ಕರೆಂಟಿನ ಎನ್100 ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್ ಅದು. ಒಳ್ಳೆಯದೇ, ಒಂದು ಹಾರ್ಡ್ ಡಿಸ್ಕ್ ಸೇರಿದರೂ 15 ವಾಟ್ ಆಸುಪಾಸು. ಆದರೆ ಯೂನಿಟ್‌ಗೆ 7 ರೂಪಾಯಿ ಹಿಡಿದರೆ, ಈಗಿನ 58ರಿಂದ ಉಳಿಯುವುದು ತಿಂಗಳಿಗೆ 217 ರೂಪಾಯಿ. 15 ಸಾವಿರದ ಪೆಟ್ಟಿಗೆ ಅಸಲು ಕೊಡಲು ಐದಾರು ವರ್ಷ ಬೇಕು. ಹಳೆಯದು ಕೆಟ್ಟಾಗ ತಗೋ ಅಂದೆ.

ಬಿಚ್ಚಿದ ಕಾರ್ಡನ್ನು ಮಾರಿ ಎಂಟು ಟೆರಾಬೈಟ್ ಡಿಸ್ಕ್ ಹಾಕ್ತೀನಿ ಅಂತಿದ್ದಾನೆ. ತಿರುಗುತ್ತಾ ಇದ್ದರೆ ಅದೂ ಐದಾರು ವಾಟ್ ತಿನ್ನುತ್ತದೆ ಮಾರಾಯ.