‘ಲೆಟ್’ ಅಂದರೆ ಬಿಡು ಅಂತಲ್ಲ

ನಾಲ್ಕು ಗೋಡೆಗಳ ನಡುವೆ ಇಬ್ಬರು ಗೋಡೆಗೆ ಚೆಂಡು ಹೊಡೆದು ಆಡುವ ಸ್ಕ್ವಾಷ್ ಪಂದ್ಯವನ್ನು ಮೊದಲ ಸಲ ನೋಡುವವರಿಗೆ ತಲೆ ಕೆಡುವುದು ಒಂದೇ ಜಾಗದಲ್ಲಿ. ಆಟ ಜೋರಾಗಿ ನಡೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಒಬ್ಬರು ಚೆಂಡು ಹೊಡೆಯದೆ ನಿಂತು, ರೆಫರಿ ಕಡೆ ತಿರುಗಿ ‘ಲೆಟ್ ಪ್ಲೀಸ್’ ಅನ್ನುತ್ತಾರೆ. ರೆಫರಿ ಒಮ್ಮೆ ‘ಯೆಸ್ ಲೆಟ್’ ಅನ್ನುತ್ತಾರೆ, ಆ ಪಾಯಿಂಟ್ ಮತ್ತೆ ಆಡಬೇಕು. ಇನ್ನೊಮ್ಮೆ ‘ನೋ ಲೆಟ್’, ಕೇಳಿದವರಿಗೇ ನಷ್ಟ. ಮತ್ತೊಮ್ಮೆ ‘ಸ್ಟ್ರೋಕ್’, ಹೊಡೆಯದೇ ಇದ್ದರೂ ಪಾಯಿಂಟ್ ಸಿಗುತ್ತದೆ. ನೋಡುವವರ ಕಣ್ಣಿಗೆ ಮೂರೂ ಒಂದೇ ಥರ, ಅಲ್ವಾ?

ಗೊಂದಲ ಪದದಿಂದಲೇ ಶುರುವಾಗುತ್ತದೆ. ‘ಲೆಟ್’ ಅಂದರೆ ಬಿಡು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ. ರಾಷ್ಟ್ರಪತಿಗಳ ಹೆಸರಿನಲ್ಲಿರುವ ಕೋರಿಕೆಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಎಂದಿದೆ. ಹಳೆಯ ಇಂಗ್ಲಿಷಿನಲ್ಲಿ ಲೆಟ್ ಅಂದರೆ ಅಡ್ಡಿ. ಆಟಗಾರ ಕೇಳುತ್ತಿರುವುದು ದಯೆಯಲ್ಲ, ‘ನನಗೆ ಅಡ್ಡ ಬಂತು’ ಎನ್ನುತ್ತಿದ್ದಾನೆ.

ಅಡ್ಡ ಬರುವುದು ಈ ಆಟದ ಹುಟ್ಟುಗುಣ. ಲಂಡನ್ನಿನ ಫ್ಲೀಟ್ ಸೆರೆಮನೆಯಲ್ಲಿ ಸಾಲಗಾರರು ಗೋಡೆಗೆ ಚೆಂಡು ಹೊಡೆದು ಆಡುತ್ತಿದ್ದ ‘ರ್‍ಯಾಕೆಟ್ಸ್’ ಇದರ ತಾಯಿ. ಅದು 19ನೇ ಶತಮಾನದಲ್ಲಿ ಹ್ಯಾರೋ ಶಾಲೆಗೆ ಬಂತು. ಅಲ್ಲಿನ ಹುಡುಗರು ಮೆತ್ತನೆಯ ರಬ್ಬರ್ ಚೆಂಡಿನಲ್ಲಿ ಆಡತೊಡಗಿದರು. ಚೆಂಡು ಗೋಡೆಗೆ ಬಡಿದು ಅಮುಕಿಹೋಗುತ್ತಿದ್ದುದರಿಂದಲೇ ಸ್ಕ್ವಾಷ್ ಎಂಬ ಹೆಸರು.

ಟೆನಿಸ್‌ನಲ್ಲಿ ನಡುವೆ ನೆಟ್ ಇದೆ, ನಿಮ್ಮ ಜಾಗ ನಿಮ್ಮದು. ಇಲ್ಲಿ 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಒಂದೇ ಪೆಟ್ಟಿಗೆಯೊಳಗೆ ಇಬ್ಬರೂ ರ್‍ಯಾಕೆಟ್ ಬೀಸಬೇಕು. ಇಬ್ಬರಿಗೂ ಬೇಕಾದದ್ದು ನೆಲದ ಗೆರೆಗಳು ಕೂಡುವ ನಡುವಿನ ‘ಟಿ’ ಜಾಗವೇ. ಹಾಗಾಗಿ ನಿಯಮ ಹೊಡೆಯುವವರಿಗೆ ನಾಲ್ಕು ಹಕ್ಕು ಕೊಟ್ಟಿದೆ: ಚೆಂಡು ಸರಿಯಾಗಿ ಕಾಣಬೇಕು, ಅದರ ಹತ್ತಿರ ನೇರ ದಾರಿ ಇರಬೇಕು, ರ್‍ಯಾಕೆಟ್ ಬೀಸಲು ಜಾಗ ಇರಬೇಕು, ಮುಂದಿನ ಗೋಡೆಯ ಯಾವ ಭಾಗಕ್ಕೆ ಬೇಕಾದರೂ ಹೊಡೆಯಲು ಬರಬೇಕು.

ಸುಮಾರು ಜನ ಎಡವುವುದು ಮುಂದಿನ ಮಾತಿನಲ್ಲಿ. ‘ಅವನು ಬೇಕಂತ ಅಡ್ಡ ಬರಲಿಲ್ಲವಲ್ಲ, ಸ್ಟ್ರೋಕ್ ಯಾಕೆ?’ ಎಂದು ಕೇಳುತ್ತಾರೆ. ಬೇಕಂತಲೋ ಬೇಡಂತಲೋ ಎಂಬುದರ ಮೇಲೆ ತೀರ್ಪು ನಿಂತಿಲ್ಲ. ಒಂದು ಸಂಜೆ ನಾನು ಹೊಡೆದ ಚೆಂಡು ಗೋಡೆಗೆ ಅಂಟಿಕೊಂಡು ಹೋಗದೆ, ಕೋರ್ಟಿನ ನಡುವೆ ನನ್ನ ಪಕ್ಕಕ್ಕೇ ವಾಪಸ್ ಬಂತು. ಜೊತೆಗಾರ ರ್‍ಯಾಕೆಟ್ ಹಿಂದಕ್ಕೆ ಎಳೆದಿದ್ದ. ಅದರ ತುದಿ ನನ್ನ ಮೊಣಕೈಗೆ ತಾಗಿತು. ಅವನು ಬೀಸಲೇ ಇಲ್ಲ. ಬೀಸಿದ್ದರೆ ನನ್ನ ಕೈ ಮುರಿಯುತ್ತಿತ್ತೇನೋ. ನಾನು ಸರಿಯಲು ಒದ್ದಾಡುತ್ತಿದ್ದೆ ನಿಜ. ಆದರೂ ಅದು ಸ್ಟ್ರೋಕ್. ಅವನ ಬೀಸು ನನ್ನ ಮೈಯಿಂದಲೇ ನಿಂತಿತ್ತು, ಕೆಟ್ಟ ಹೊಡೆತ ನನ್ನದೇ. ಹಾಗೆಯೇ, ಅಡ್ಡಿ ಇಲ್ಲದಿದ್ದರೆ ಆ ಹೊಡೆತ ಖಂಡಿತ ಗೆಲ್ಲುತ್ತಿತ್ತು ಎಂದು ರೆಫರಿಗೆ ಅನಿಸಿದರೂ ಸ್ಟ್ರೋಕೇ.

ಅಡ್ಡಿ ಇತ್ತು, ಎದುರಾಳಿ ಸರಿಯಲು ಪೂರ್ತಿ ಪ್ರಯತ್ನಪಟ್ಟ, ಹೊಡೆತವೂ ಸಾಧ್ಯವಿತ್ತು, ಆದರೆ ಗೆಲ್ಲುವಂಥದ್ದಲ್ಲ ಎಂದಾದರೆ ಲೆಟ್. ಚೆಂಡು ಹೇಗೂ ಸಿಗುತ್ತಿರಲಿಲ್ಲ, ಸುಮ್ನೆ ಮೈಗೆ ಮೈ ತಾಗಿಸಿ ಕೇಳಿದ ಎಂದಾದರೆ ನೋ ಲೆಟ್. ನನಗೆ ಇದರಲ್ಲಿ ಅನ್ಯಾಯ ಕಾಣುವುದಿಲ್ಲ. ಹೊಡೆಯದೆ ತಡೆದುಕೊಂಡವರಿಗೆ ನಷ್ಟವಾಗಬಾರದು. ಇಲ್ಲದಿದ್ದರೆ ಎಲ್ಲರೂ ಬೀಸಿಯೇ ಬಿಡುತ್ತಾರೆ.

ಮತ್ತೆ ಈಗ ರೆಫರಿಯ ತೀರ್ಪಿನ ಮೇಲೆ ಇಷ್ಟೊಂದು ವಾದ ಯಾಕೆ? ಪಾಯಿಂಟ್ ಲೆಕ್ಕ ಬದಲಾಯಿತು. ಹಿಂದೆ 9 ಪಾಯಿಂಟಿನ ಆಟ, ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್. ಎದುರಿನವರಿಗೆ ಸ್ಟ್ರೋಕ್ ಸಿಕ್ಕರೆ ಸರ್ವ್ ಮಾತ್ರ ಬರುತ್ತಿತ್ತು, ಸ್ಕೋರ್ ಹಾಗೇ ಇರುತ್ತಿತ್ತು. 2009ರಲ್ಲಿ ವಿಶ್ವ ಸ್ಕ್ವಾಷ್ ಫೆಡರೇಷನ್ 11 ಪಾಯಿಂಟಿನ ಪದ್ಧತಿಯನ್ನು ಒಪ್ಪಿಕೊಂಡಿತು. ಪುರುಷರ ವೃತ್ತಿಪರ ಟೂರ್ನಿಗಳಲ್ಲಿ ಅದು ಅಷ್ಟರಲ್ಲೇ ಬಂದಿತ್ತು. ಈಗ ಯಾರು ಗೆದ್ದರೂ ಪಾಯಿಂಟ್. 10-9 ಇದ್ದಾಗ ರೆಫರಿಯ ಒಂದೇ ಮಾತಿಗೆ ಗೇಮ್ ಮುಗಿದುಹೋಗಬಹುದು. ದೊಡ್ಡ ಟೂರ್ನಿಗಳಲ್ಲಿ ವಿಡಿಯೊ ಮರುಪರಿಶೀಲನೆಯೂ ಬಂದಿದೆ.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಮೊದಲ ಸಲ ಸೇರಿದೆ. ನಮ್ಮಲ್ಲಿ ಆಗ ಮೊದಲ ಬಾರಿಗೆ ಟಿವಿಯಲ್ಲಿ ಈ ಆಟ ನೋಡುವವರು ಜಾಸ್ತಿ ಇರುತ್ತಾರೆ. ‘ಲೆಟ್ ಪ್ಲೀಸ್’ ಕೇಳಿಸಿದ ಕೂಡಲೇ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಚೆಂಡು ಹೊಡೆದು ಮುಗಿಸಿದ ಆಟಗಾರ ಎದುರಾಳಿಗೆ ದಾರಿ ಬಿಟ್ಟು ಎತ್ತ ಸರಿದ, ಆ ಕಾಲುಗಳನ್ನು ನೋಡಿ.